ಸುಲೋಚನಾ ಫೋಟೋದ ಹಿಂದೆ ಜಂಪರಿನ ಅಳತೆ

ನಮ್ಮ ಮನೆಯ ಅಟ್ಟದ ಕೆಳಗೆ ಎರಡು ತಗಡಿನ ಟ್ರಂಕ್ ಇವೆ. ಒಂದರಲ್ಲಿ ಹನ್ನೆರಡು ವರ್ಷದಿಂದ ನಾನು ಬರೆದ ಸುದ್ದಿಗಳ ಕಟಿಂಗ್. ಅದನ್ನು ಯಾರೂ ಕೇಳುವುದಿಲ್ಲ. ಇನ್ನೊಂದರಲ್ಲಿ ಹಳೆಯ ಕಾಲದ ಸಿನಿಮಾ ನಟ ನಟಿಯರ ಚಿತ್ರಗಳು, ಸಿನಿಮಾದ ಕಥೆ ಅಚ್ಚಾದ ತೆಳು ಪುಸ್ತಕಗಳು, ಹ್ಯಾಂಡ್‌ಬಿಲ್, ಬೆಂಕಿಪೊಟ್ಟಣದ ಚೀಟಿ. ಮನೆಗೆ ಬಂದವರೆಲ್ಲ ಇದನ್ನೇ ತೆರೆಸಿ ನೋಡುತ್ತಾರೆ, ನೋಡಿದ ಮೇಲೆ "ಇವನ್ನ ಇಟ್ಕೊಂಡು ಏನ್ ಮಾಡ್ತಿಯೋ?" ಅನ್ನುತ್ತಾರೆ. ನನ್ನ ಹೆಂಡತಿಯ ಮಾತು ಬೇರೆ: "ನಿಮ್ಮ ಹೀರೋಯಿನ್‌ಗೆ ಗೆದ್ದಲು ಹತ್ತಿದರೆ ನನ್ನ ಸೀರೆಗೂ ಹತ್ತುತ್ತದೆ, ನೆನಪಿರಲಿ."

ಮಾತೇ ಇಲ್ಲದ ಕಾಲದ ಸಿನಿಮಾ ಅದು. ಅದಕ್ಕೇ ನಾವು ಮೂಕಿ ಚಿತ್ರ ಅನ್ನುವುದು. ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಮುಂಬೈಯ ಕಾರೋನೇಷನ್ ಥಿಯೇಟರಿನಲ್ಲಿ ತೆರೆ ಕಂಡದ್ದು 1913ರ ಮೇ 3ಕ್ಕೆ. ಅಲ್ಲಿಂದ ಮುಂದೆ ಎರಡು ದಶಕದಲ್ಲಿ ನಮ್ಮ ದೇಶದಲ್ಲಿ 1,300ಕ್ಕೂ ಹೆಚ್ಚು ಮೂಕಿ ಚಿತ್ರಗಳು ತಯಾರಾದವು. ಇವತ್ತು ಅವುಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಅವುಗಳಲ್ಲೂ ಎಷ್ಟೋ ಬರೀ ತುಂಡುಗಳು. ‘ರಾಜಾ ಹರಿಶ್ಚಂದ್ರ’ದ್ದೇ ಒಂದು ಭಾಗ ಮಾತ್ರ ಸಿಗುತ್ತದೆ.

ಉಳಿದವು ಎಲ್ಲಿ ಹೋದವು? ಆಗಿನ ರೀಲು ನೈಟ್ರೇಟ್ ಎಂಬ ವಸ್ತುವಿನದ್ದು. ಒಮ್ಮೆ ಬೆಂಕಿ ಹತ್ತಿದರೆ ನೀರು ಹಾಕಿದರೂ ಆರುವುದಿಲ್ಲ. ಸೆಕೆಗೆ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಮೇಲಾಗಿ ಅದರ ಮೇಲಿನ ಲೇಪದಲ್ಲಿ ಬೆಳ್ಳಿ ಇತ್ತು. ಟಾಕಿ ಬಂದ ಮೇಲೆ ಮಾತಿಲ್ಲದ ಸಿನಿಮಾ ಯಾರಿಗೆ ಬೇಕು? ರೀಲು ತೊಳೆದು ಬೆಳ್ಳಿ ತೆಗೆದು ಮಾರಿಕೊಂಡರು. ನಮ್ಮ ಕಡೆ ಹಳೆ ಜರತಾರಿ ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರಲ್ಲ, ಹಾಗೆ.

ಹೀಗಾಗಿ ಸಿನಿಮಾ ಹೋಯಿತು, ಕಾಗದ ಉಳಿಯಿತು. ನಟಿಯ ಫೋಟೋ, ಹ್ಯಾಂಡ್‌ಬಿಲ್, ಕಥೆ ಪುಸ್ತಕ, ಪತ್ರಿಕೆಯಲ್ಲಿ ಬಂದ ಜಾಹೀರಾತು. ಎಷ್ಟೋ ಚಿತ್ರಗಳಿಗೆ ಇವತ್ತು ಅಷ್ಟೇ ಸಾಕ್ಷಿ. ಟ್ರಂಕ್ ಇಟ್ಟುಕೊಂಡಿರುವುದಕ್ಕೆ ನನ್ನ ಹತ್ತಿರ ಇರುವ ಉತ್ತರ ಇದು. ಹೆಂಡತಿ ಇನ್ನೂ ಪೂರ್ತಿ ಒಪ್ಪಿಲ್ಲ.

ಇದೆಲ್ಲ ಮುಂಬೈಯವರ ವಿಷಯ, ನಮಗೇನು ಅನ್ನಬೇಡಿ. ನಮ್ಮ ಗಡಿಯಾಚೆ ಕೊಲ್ಹಾಪುರದಲ್ಲಿ ನಾಟಕದ ಪರದೆ ಬರೆಯುತ್ತಿದ್ದ ಬಾಬುರಾವ್ ಪೇಂಟರ್ ತಾನೇ ಕ್ಯಾಮೆರಾ ತಯಾರಿಸಿ, ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದ. ಕೈಯಾರೆ ಪೋಸ್ಟರ್ ಬರೆದ. ಅಲ್ಲಿಗೇ ಸೇರಿ ಮುಂದೆ ದೊಡ್ಡ ನಿರ್ದೇಶಕರಾದ ವಿ. ಶಾಂತಾರಾಮ್ ಅದಕ್ಕೂ ಮೊದಲು ಹುಬ್ಬಳ್ಳಿಯಲ್ಲಿದ್ದರು. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿಯುತ್ತ, ಅಲ್ಲಿನ ಸಿನಿಮಾ ಮನೆಯಲ್ಲೂ ಕೆಲಸ ಮಾಡುತ್ತಿದ್ದರು. ನಮ್ಮ ಗುಬ್ಬಿ ವೀರಣ್ಣನವರು ನಾಟಕ ಕಂಪನಿ ನಡೆಸುತ್ತಲೇ ‘ಹರಿಮಾಯಾ’ದಂಥ ಮೂಕಿ ಚಿತ್ರ ಮಾಡಿದರು. ಮೋಹನ್ ಭಾವನಾನಿ ‘ಮೃಚ್ಛಕಟಿಕ’ ನಾಟಕವನ್ನು ‘ವಸಂತಸೇನಾ’ ಅಂತ ಮಾಡಿದಾಗ ಅದರಲ್ಲಿ ನಮ್ಮ ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ಬಣ್ಣ ಹಚ್ಚಿದ್ದರು. ಕೈಲಾಸಂ ಅಂದರೆ ಮಾತಿನ ಮಲ್ಲ. ಅಂಥವರನ್ನು ಮಾತಿಲ್ಲದ ಚಿತ್ರಕ್ಕೆ ಹಾಕಿದ್ದು ನೆನೆದರೆ ನನಗೆ ಈಗಲೂ ನಗು.

ಮಾತಿಲ್ಲ ಅಂದ ಮಾತ್ರಕ್ಕೆ ಟೆಂಟಿನಲ್ಲಿ ಸದ್ದಿರಲಿಲ್ಲ ಅಂತಲ್ಲ. ಪರದೆಯ ಪಕ್ಕ ಹಾರ್ಮೋನಿಯಂ, ತಬಲಾದವರು ಕೂತಿರುತ್ತಿದ್ದರು. ನಡುನಡುವೆ ಬರುವ ಅಕ್ಷರದ ಪಟ್ಟಿಯನ್ನು ಓದು ಬಂದವನೊಬ್ಬ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಭಾಷೆ ಗೊತ್ತಿಲ್ಲದವರೂ ಮುಖ ನೋಡಿ ಕಥೆ ತಿಳಿಯುತ್ತಿದ್ದರು. ಮುಖವೇ ಎಲ್ಲ. ಅದಕ್ಕೇ ಆ ಕಾಲದ ಫೋಟೋಗಳಿಗೆ ಅಷ್ಟು ಬೆಲೆ.

ಶುರುವಿಗೆ ಹೆಣ್ಣುಮಕ್ಕಳು ಯಾರೂ ಕ್ಯಾಮೆರಾ ಮುಂದೆ ಬರಲಿಲ್ಲ. ‘ರಾಜಾ ಹರಿಶ್ಚಂದ್ರ’ದ ತಾರಾಮತಿ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ಹುಡುಗ. 1917ರ ‘ಲಂಕಾ ದಹನ’ದಲ್ಲಿ ರಾಮನೂ ಅವನೇ, ಸೀತೆಯೂ ಅವನೇ!

ಮುಂದೆ ಹತ್ತು ವರ್ಷದೊಳಗೆ ಕಾಲ ಎಷ್ಟು ಬದಲಾಯಿತು ಅನ್ನುವುದಕ್ಕೆ ಸುಲೋಚನಾ ಸಾಕು. ನಮ್ಮ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನಾ’ ನೆನಪಿಗೆ ಬಂದಿರಬೇಕು. ಅದು 1934ರದ್ದು, ಅದರ ಪ್ರಿಂಟೂ ಉಳಿದಿಲ್ಲ, ಅದು ಬೇರೆ ಕಥೆ. ಈ ಸುಲೋಚನಾಳ ನಿಜ ಹೆಸರು ರೂಬಿ ಮೈಯರ್ಸ್. 1907ರಲ್ಲಿ ಪುಣೆಯ ಯಹೂದಿ ಕುಟುಂಬದಲ್ಲಿ ಹುಟ್ಟಿದವಳು. ಟೆಲಿಫೋನ್ ಆಪರೇಟರ್ ಆಗಿದ್ದಳು. ಅದೇ ಭಾವನಾನಿ ಆಕೆಯನ್ನು ಸಿನಿಮಾಕ್ಕೆ ಕರೆದಾಗ ಮೊದಲು ಒಲ್ಲೆ ಎಂದಿದ್ದಳು, ಆಮೇಲೆ ಒಪ್ಪಿದಳು. ಒಪ್ಪಿದ್ದೇ ತಡ, ಮನೆಮಾತಾದಳು. 1926ರಲ್ಲಿ ‘ಟೈಪಿಸ್ಟ್ ಗರ್ಲ್’. 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಒಬ್ಬಳೇ ಎಂಟು ವೇಷ ಹಾಕಿದಳು, ಗಂಡಸಿನ ವೇಷವೂ ಸೇರಿ. ಮುಂಬೈ ಗವರ್ನರ್‌ಗಿಂತ ಈಕೆಯ ಸಂಬಳ ಜಾಸ್ತಿ ಅಂತ ಜನ ಆಡಿಕೊಳ್ಳುತ್ತಿದ್ದರು.

ಟಾಕಿ ಬಂತು. ಈಕೆಗೆ ಹಿಂದೂಸ್ತಾನಿ ಸರಿಯಾಗಿ ಬರದು. ಬೇರೆಯವರಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಈಕೆ ಕೆಲಕಾಲ ದೂರ ಉಳಿದು, ಭಾಷೆ ಕಲಿತು ಬಂದು, ತನ್ನ ಹಳೆ ಮೂಕಿ ಚಿತ್ರಗಳನ್ನೇ ಮಾತು ಸೇರಿಸಿ ಮತ್ತೆ ಮಾಡಿದಳು. ‘ಅನಾರ್ಕಲಿ’ಯನ್ನೇ ನೋಡಿ: 1928ರ ಮೂಕಿಯಲ್ಲಿ ಈಕೆಯೇ ಅನಾರ್ಕಲಿ, 1935ರ ಟಾಕಿಯಲ್ಲೂ ಈಕೆಯೇ. 1953ರಲ್ಲಿ ಅದೇ ಕಥೆ ಮತ್ತೆ ಬಂದಾಗ ಸಲೀಮನ ತಾಯಿಯ ಪಾತ್ರ. ಕೊನೆಗಾಲದಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಲೇ ಇದ್ದಳು. 1973ರ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. 1983ರಲ್ಲಿ ತೀರಿಕೊಂಡಳು.

ಈಗ ಟ್ರಂಕಿನ ಮಾತಿಗೆ ಬರೋಣ. ಇವು ಸಿಗುವುದೆಲ್ಲಿ? ರದ್ದಿ ಅಂಗಡಿಯಲ್ಲಿ, ಹಳೆ ವಾಡೆಗಳು ಬೀಳುವಾಗ, ಮುಚ್ಚಿದ ಫೋಟೋ ಸ್ಟುಡಿಯೋಗಳಲ್ಲಿ, ಹಳೆ ಕನ್ನಡಿಯ ಫ್ರೇಮಿನ ಒಳಗೆ. ಕನ್ನಡಿ ಅಲುಗಾಡದಿರಲಿ ಅಂತ ಹಿಂದೆ ತುರುಕಿದ ಕಾಗದ ತೆಗೆದು ನೋಡಿ, ಒಮ್ಮೊಮ್ಮೆ ಅಚ್ಚರಿ ಕಾದಿರುತ್ತದೆ. ರದ್ದಿಯವರು ನನಗೆ ತೂಕದ ಲೆಕ್ಕದಲ್ಲೇ ಕೊಡುತ್ತಾರೆ. ಮುಂಬೈಯ ಚೋರ್ ಬಜಾರಿನಲ್ಲಿ ಅದೇ ಕಾಗದ ಸಾವಿರಗಳಲ್ಲಿ ಹೋಗುತ್ತದೆ.

ನಕಲಿಯೂ ಬಹಳ. ಚಹಾದ ನೀರಲ್ಲಿ ಅದ್ದಿ ಹಳೆಯದು ಮಾಡಿದ್ದೂ ಉಂಟು. ಪತ್ತೆ ಹಚ್ಚುವುದು ಕಷ್ಟವಲ್ಲ, ನಿಮ್ಮ ಕೈಲಿರುವ ಮೊಬೈಲ್ ಸಾಕು. ಕ್ಯಾಮೆರಾ ಜೂಮ್ ಮಾಡಿ ಮುಖದ ಮೇಲೆ ಹಿಡಿಯಿರಿ. ಸಾಲಾಗಿ ಚುಕ್ಕಿ ಕಂಡರೆ ಅದು ಪ್ರೆಸ್ಸಿನಲ್ಲಿ ಅಚ್ಚಾದದ್ದು, ಪತ್ರಿಕೆಯದೋ ಕ್ಯಾಲೆಂಡರಿನದೋ. ಚುಕ್ಕಿ ಇಲ್ಲದೆ ಕಪ್ಪಿನಿಂದ ಬಿಳುಪಿಗೆ ನಯವಾಗಿ ಹೋದರೆ ಅದು ಕತ್ತಲೆ ಕೋಣೆಯಲ್ಲಿ ತೊಳೆದ ಫೋಟೋ ಇರಬಹುದು. ಆಮೇಲೆ ಓರೆಯಾಗಿ ಬೆಳಕಿಗೆ ಹಿಡಿಯಿರಿ. ಕಪ್ಪಿರುವ ಕಡೆ, ಅಂಚಿನಲ್ಲಿ, ನೀಲಿ ಮಿಶ್ರಿತ ಕನ್ನಡಿ ಹೊಳಪು ಕಂಡರೆ ಅದು ಒಳಗಿನ ಬೆಳ್ಳಿ ಮೇಲೆ ಬಂದದ್ದು. ಅದು ಬರಲು ವರ್ಷಗಟ್ಟಲೆ ಬೇಕು, ಚಹಾದ ನೀರಿಗೆ ಬರುವುದಿಲ್ಲ.

ಸಿಕ್ಕರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಹತ್ತು ವರ್ಷದಲ್ಲಿ ಕಂದು ಕಲೆಯಾಗುತ್ತದೆ. ಬಿಸಿಲು ಬೀಳುವ ಗೋಡೆ ಬೇಡ, ಒಲೆ ಇರುವ ಗೋಡೆಯೂ ಬೇಡ. ಇನ್ನೊಂದು ಮಾತು: ಮುಂದಿನ ಮುಖದಷ್ಟೇ ಹಿಂದಿನ ಬೆನ್ನೂ ಮುಖ್ಯ. ಯಾವ ಅಂಗಡಿಯ ಮುದ್ರೆ, ಯಾರ ಕೈಬರಹ, ಯಾವ ಊರು ಎಲ್ಲ ಬೆನ್ನಲ್ಲಿರುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ನಿಜವಾಗಿ ತಿಳಿದದ್ದು ಹೋದ ವರ್ಷ.

ನಮ್ಮ ತಾಲ್ಲೂಕು ಊರಿನ ಪೇಟೆಯಲ್ಲಿ ರಸ್ತೆ ಅಗಲ ಮಾಡುವ ಕೆಲಸ. ಅಂಗಡಿಗಳ ಮೇಲೆ ಕೆಂಪು ಗುರುತು ಹಾಕಿದ್ದರು. ಅದರ ಸುದ್ದಿಗೆ ಹೋದಾಗ ಒಬ್ಬ ಟೇಲರ್ ಅಜ್ಜನ ಅಂಗಡಿ ಹೊಕ್ಕೆ. ಎಂಟು ಅಡಿ ಅಂಗಡಿ, ಗುರುತು ಐದನೇ ಅಡಿಗೆ ಬಿದ್ದಿತ್ತು. ಅಜ್ಜನ ಹೇಳಿಕೆ ಬರೆದುಕೊಳ್ಳುತ್ತ ತಲೆ ಎತ್ತಿದರೆ ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿ ಸುಲೋಚನಾ! ಹೊಗೆ ಹಿಡಿದ ಗಾಜು, ಒಳಗೆ ಗುಂಗುರು ಕೂದಲು, ಬಿಲ್ಲಿನಂಥ ಹುಬ್ಬು, ಉಬ್ಬು ತೋಳಿನ ಜಂಪರು.

"ಇವರು ಯಾರಂತ ಗೊತ್ತಾ ಅಜ್ಜಾರ?"

"ಯಾರೋ ನಾಟಕದಾಕಿ. ನಮ್ಮಪ್ಪಾರು ಹುಬ್ಬಳ್ಯಾಗ ಕೆಲಸ ಕಲಿಯೋಮುಂದ ತಂದಿದ್ರಂತ. ಆ ತೋಳು ನೋಡ್ರಿ, ಅದಕ್ಕ ತಂದದ್ದು."

ಫ್ರೇಮ್ ಬಿಚ್ಚಿದೆವು. ಬೆನ್ನಲ್ಲಿ ಪೆನ್ಸಿಲಿನಿಂದ ತೋಳಿನ ಚಿತ್ರ, ಪಕ್ಕದಲ್ಲಿ ಅಳತೆ: ಉದ್ದ ಏಳು, ನೆರಿಗೆಗೆ ಎರಡು ಬಿಡಬೇಕು, ಪಟ್ಟಿ ಅರ್ಧ ಇಂಚು. ಅದರ ಕೆಳಗೆ ಐದಾರು ಮನೆತನದ ಹೆಸರು, ಮುಂದೆ ಆಣೆಯ ಲೆಕ್ಕ. ಅಂದರೆ ಪರದೆಯ ಮೇಲೆ ಸುಲೋಚನಾ ತೊಟ್ಟ ಜಂಪರನ್ನು ನಮ್ಮ ಊರಿನ ಐದಾರು ಮನೆಯ ಹೆಣ್ಣುಮಕ್ಕಳು ತೊಟ್ಟಿದ್ದರು! ನಾನು ಆಕೆ ಯಾರು, ಆಕೆಯ ಚಿತ್ರಗಳಲ್ಲಿ ಮಾತೇ ಇರಲಿಲ್ಲ ಅಂತ ಹೇಳಿದಾಗ ಅಜ್ಜ ನಕ್ಕರು. "ಮಾತಾಡಲಾರದ ಗಿರಾಕಿ ಸಿಕ್ಕರ ಟೇಲರ್ ಪುಣ್ಯಾ ಮಾಡಿರಬೇಕು ತಮ್ಮಾ." ಆಮೇಲೆ "ನಿನಗ ಬೇಕಂದ್ರ ಒಯ್ಯಿ, ಅಂಗಡಿನ ಹೊಂಟೈತಿ" ಅಂದರು.

ಒಯ್ಯಬಹುದಿತ್ತು. ನೂರು ರೂಪಾಯಿ ಕೊಟ್ಟಿದ್ದರೂ ಬೇಡ ಅನ್ನುತ್ತಿದ್ದರು. ಆದರೆ ಕಣ್ಣೆದುರು ಅಂಗಡಿ ಕಳೆದುಕೊಳ್ಳುತ್ತಿರುವ ಮನುಷ್ಯ. ನನಗೆ ಪರಿಚಯದ ಮುಂಬೈ ವ್ಯಾಪಾರಿಯೊಬ್ಬರಿಗೆ ಎರಡೂ ಕಡೆಯ ಫೋಟೋ ವಾಟ್ಸಾಪ್ ಮಾಡಿದೆ. ಅರ್ಧ ಗಂಟೆಯಲ್ಲಿ ಉತ್ತರ: ಹದಿನೈದು ಸಾವಿರ ಕೊಡುತ್ತೇನೆ, ಹಿಂದಿನ ಗೀಚು ರಬ್ಬರಿನಿಂದ ಒರೆಸಿ ಕಳಿಸಿ. ಒಂದು ಸುದ್ದಿಗೆ ನನಗೆ ಸಿಗುವುದು ನೂರೈವತ್ತು ರೂಪಾಯಿ. ಹದಿನೈದು ಸಾವಿರ ಅಂದರೆ ನೂರು ಸುದ್ದಿ. ಮೊಬೈಲನ್ನು ಹಾಗೇ ಅಜ್ಜನ ಮಗನ ಕೈಗೆ ಕೊಟ್ಟು ಓದಿಸಿದೆ.

ಮಗನಿಗೆ ಹೊಸ ಅಂಗಡಿಯ ಅಡ್ವಾನ್ಸಿಗೆ ದುಡ್ಡು ಬೇಕಿತ್ತು. ಮಾರೋಣ ಅಂದ. ಅಜ್ಜ ಸುಮ್ಮನೆ ಕೂತರು. ಬಹಳ ಹೊತ್ತಾದ ಮೇಲೆ ಅಂದರು: "ಮಾರು. ಆದರ ಅಪ್ಪನ ಅಕ್ಷರ ಅಳಸಬ್ಯಾಡ."

ವ್ಯಾಪಾರಿಗೆ ಹೇಳಿದೆ. ಬೆನ್ನು ಸ್ವಚ್ಛ ಇಲ್ಲದಿದ್ದರೆ ಹನ್ನೊಂದೇ ಸಾವಿರ ಅಂದರು. ಆ ಬೆನ್ನಿಗೆ ನಾಲ್ಕು ಸಾವಿರ ಹೆಚ್ಚು ಕೊಡಬೇಕು ಅನ್ನುವುದು ನನ್ನ ಲೆಕ್ಕ. ಸುಲೋಚನಾಳ ಮುಖದ ಫೋಟೋ ಇನ್ನೂ ಹತ್ತು ಕಡೆ ಸಿಕ್ಕೀತು, ಈ ಅಳತೆ ಇರುವುದು ಇದೊಂದರಲ್ಲೇ. ವಾದ ಮಾಡಿದೆ, ನಡೆಯಲಿಲ್ಲ. ಹನ್ನೊಂದಕ್ಕೇ ಹೋಯಿತು. ಅಲ್ಲಿ ಹೋದ ಮೇಲೆ ರಬ್ಬರ್ ಆಡಿತೋ ಇಲ್ಲವೋ, ಕೇಳುವ ಹಕ್ಕು ನನಗಿಲ್ಲ. ಮಾರಬೇಡಿ ಅನ್ನುವ ಹಕ್ಕೂ ಇರಲಿಲ್ಲ. ಸಂಗ್ರಹಕಾರರು ಕೆಲವರು ಇಂಥ ಕಡೆ ಸಂಸ್ಕೃತಿ, ಪರಂಪರೆ ಅಂತ ಭಾಷಣ ಬಿಗಿಯುತ್ತಾರೆ. ಬಾಡಿಗೆ ಕಟ್ಟುವವರು ಅವರಲ್ಲ.

ಪುಣೆಯ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಅದನ್ನು ಕಟ್ಟಿದವರು ಪಿ.ಕೆ. ನಾಯರ್. ಚಿಕ್ಕಂದಿನಲ್ಲಿ ಅವರು ಕೂಡಿಡುತ್ತಿದ್ದದ್ದು ಸಿನಿಮಾ ಟಿಕೆಟಿನ ತುಂಡು, ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರದಿಂದ ಬೀಳುವ ನಟ ನಟಿಯರ ಚಿತ್ರದ ಚೀಟಿ. ನಮ್ಮಲ್ಲಿ ಹಲವರು ಆ ಚೀಟಿ ನೋಡಿದವರೇ. ಅಲ್ಲಿಂದ ಹೋಗಿ ನಾಸಿಕ್‌ನಲ್ಲಿ ಫಾಲ್ಕೆ ಮನೆಯವರನ್ನು ಹುಡುಕಿ ರೀಲು ತಂದರು. ಅವರು 2016ರಲ್ಲಿ ತೀರಿಕೊಂಡರು. ಅವರ ಮೇಲೆ ‘ಸೆಲ್ಯುಲಾಯ್ಡ್ ಮ್ಯಾನ್’ ಅಂತ ಸಾಕ್ಷ್ಯಚಿತ್ರ ಇದೆ, ಸಿಕ್ಕರೆ ನೋಡಿ.

ಫೋಟೋ ಕಳಿಸುವ ಮೊದಲು ಎರಡೂ ಬದಿ ಸ್ಕ್ಯಾನ್ ಮಾಡಿಸಿಟ್ಟಿದ್ದೆ. ಹುಬ್ಬಳ್ಳಿಯ ಲ್ಯಾಬಿನಲ್ಲಿ ಅದೇ ಅಳತೆಗೆ ಎರಡು ಪ್ರಿಂಟ್ ತೆಗೆಸಿ, ಬೆನ್ನಿಗೆ ಬೆನ್ನು ಸೇರಿಸಿ, ಎರಡೂ ಕಡೆ ಗಾಜು ಹಾಕಿಸಿ ಅಜ್ಜನಿಗೆ ಕೊಟ್ಟೆ. ಮುನ್ನೂರ ಎಂಬತ್ತು ರೂಪಾಯಿ ಆಯಿತು. ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ಅವರ ಹೊಸ ಅಂಗಡಿ. ಮೊನ್ನೆ ಪ್ಯಾಂಟಿನ ಅಂಚು ಹೊಲಿಸಲು ಹೋಗಿದ್ದೆ. ಫ್ರೇಮನ್ನು ಮೊಳೆಗೆ ಹಾಕದೆ ದಾರಕ್ಕೆ ತೂಗುಬಿಟ್ಟಿದ್ದಾರೆ, ಫ್ಯಾನ್ ಗಾಳಿಗೆ ತಿರುಗುತ್ತಿರುತ್ತದೆ. ಒಂದು ಸಲ ಸುಲೋಚನಾ, ಒಂದು ಸಲ ಅಳತೆ. ಹೊಲಿಗೆಯ ದುಡ್ಡು ಕೊಡಹೋದರೆ ಅಜ್ಜ ತೆಗೆದುಕೊಳ್ಳಲಿಲ್ಲ.