ಹೂಳಿನಲ್ಲಿ ಮಳೆಯ ಲೆಕ್ಕ

ಹಂಪಿ ಪಕ್ಕದ ಕಮಲಾಪುರ ಕೆರೆ. ಏಪ್ರಿಲ್ ತಿಂಗಳು, ಬೆಳಗಿನ ಎಂಟಕ್ಕೇ ಏರಿಯ ಕಲ್ಲು ಕಾದಿದೆ. ನೀರು ಹಿಂದೆ ಸರಿದ ಅಂಚಿನಲ್ಲಿ ಹಲಗೆ ಹಾಸಿಕೊಂಡು ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೊಬ್ಬಳು, ಅವಳ ಸಹಪಾಠಿ, ಜೊತೆಗೆ ಊರಿನ ಮೀನುಗಾರ ನಿಂತಿದ್ದಾರೆ. ನೀವೂ ಚಪ್ಪಲಿ ಬಿಟ್ಟು ಇಳಿಯಿರಿ. ಹಲಗೆ ತಪ್ಪಿದರೆ ಮೊಣಕಾಲವರೆಗೆ ಕೆಸರು.

ಹೂಳಿಗೆ ಇಳಿಸುವ ಉಕ್ಕಿನ ಕೊಳವೆಯ ಹಿಡಿಕೆಗೆ ಹುಡುಗಿ, ಸಹಪಾಠಿ ಇಬ್ಬರೂ ಮೈಭಾರ ಹಾಕುತ್ತಾರೆ. ಮೊದಲು ಸಲೀಸು, ಆಮೇಲೆ ಜೇಡಿಮಣ್ಣು ಬಿಗಿಯುತ್ತದೆ. ಮೇಲೆಳೆದಾಗ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಕೊಳವೆ ಬಿಚ್ಚಿದರೆ ಅರ್ಧ ಮೀಟರ್ ಉದ್ದದ ಮಣ್ಣಿನ ಕೋಲು: ಮೇಲೆ ಕಂದು, ಕೆಳಗೆ ಕಪ್ಪುಬೂದಿ, ನಡುವೆ ಎಳೆಯಷ್ಟು ಮರಳಿನ ಗೆರೆ. ಅವಳು ಮೊದಲು ಮಾಡುವ ಕೆಲಸ ಮಾರ್ಕರ್ ತೆಗೆದು ಬಾಣ ಬರೆಯುವುದು. ಯಾವುದು ಮೇಲು, ಯಾವುದು ಕೆಳಗೆ ಎನ್ನುವುದು ತಪ್ಪಿದರೆ ಶತಮಾನಗಳೇ ತಲೆಕೆಳಗು.

ಎಮ್ಮೆ ಹೊಡೆದುಕೊಂಡು ಬಂದ ಅಜ್ಜ ಏರಿಯ ಮೇಲಿಂದಲೇ ಕೇಳುತ್ತಾನೆ: "ಏನವ್ವಾ, ಹೂಳಾಗ ಏನ್ ಹುಡುಕಾಕತ್ತೀರಿ? ನಿಧಿ ಐತೇನು?" ಹಂಪಿಯ ಸುತ್ತ ನೆಲ ಅಗೆದವರನ್ನೆಲ್ಲ ಜನ ಕೇಳುವುದೇ ಇದನ್ನು.

"ಹಳೇ ಮಳಿ ಹುಡುಕಾಕತ್ತೀವಿ, ಅಜ್ಜಾ."

ಮಾತು ನಿಜ. ವಿಜಯನಗರ ಕಾಲದ ಈ ಕೆರೆಗೆ ಗಾಳಿಯಲ್ಲಿ ಬಂದು ಬಿದ್ದ ಪರಾಗ, ಕಾಡು, ಗದ್ದೆ ಸುಟ್ಟ ಇದ್ದಿಲಿನ ಚೂರು ಹೂಳಿನಲ್ಲಿ ಪದರಪದರವಾಗಿ ಕೂತಿವೆ. ಯಾವ ಗಿಡ ಬೆಳೆದಿತ್ತೆಂದು ತಿಳಿದರೆ ಮಳೆ ಹೇಗಿತ್ತೆಂದು ಊಹಿಸಬಹುದು. ಪುರಾತತ್ವಜ್ಞೆ ಕ್ಯಾಥ್ಲೀನ್ ಮಾರಿಸನ್ ತಮ್ಮ ಸಂಶೋಧನೆಯ ಆರಂಭದ ವರ್ಷಗಳಲ್ಲೇ ಇದೇ ಕೆರೆಯ ಹೂಳಿನಲ್ಲಿ ಇವೆರಡನ್ನೂ ಎಣಿಸಿದರು. 1995ರ 'ಫೀಲ್ಡ್ಸ್ ಆಫ್ ವಿಕ್ಟರಿ' ಪುಸ್ತಕದಲ್ಲಿ ವಿಜಯನಗರದ ಬೇಸಾಯದ ಕಥೆ ಹೇಳಿದರು.

ಈಗ ಆ ಹುಡುಗಿಯ ಪ್ರಯೋಗಾಲಯಕ್ಕೆ ಬನ್ನಿ. ಮಣ್ಣನ್ನು ಆಮ್ಲ, ಕ್ಷಾರಗಳಲ್ಲಿ ತೊಳೆದು, ಕೊನೆಗೆ ಮರಳನ್ನೂ ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲ ಹಾಕುತ್ತಾಳೆ. ಕೈಗೆ ತಾಗಿದರೆ ಮೂಳೆಯವರೆಗೂ ಇಳಿಯುವಂಥದ್ದು. ಇಷ್ಟಾದರೂ ಪರಾಗದ ಹೊರಕವಚ ಕರಗುವುದಿಲ್ಲ. ಸೂಕ್ಷ್ಮದರ್ಶಕಕ್ಕೆ ಕಣ್ಣಿಡಿ: ದುಂಡಗೆ, ಒಂದೇ ರಂಧ್ರವಿರುವುದು ಹುಲ್ಲಿನದು. ಕಂಪ್ಲಿಯ ಭತ್ತ, ಕಬ್ಬು ಕೂಡ ಹುಲ್ಲಿನ ಕುಲವೇ. ಗದ್ದೆ ಯಾವುದು, ಗೋಮಾಳ ಯಾವುದು ಎಂದು ಬೇರ್ಪಡಿಸುವುದೇ ಕಷ್ಟ. ಬಳ್ಳಾರಿ ಜಾಲಿಯ ಪರಾಗ ಕಂಡರೆ ಮಾತ್ರ ಅನುಮಾನವಿಲ್ಲ, ಅದು 19ನೇ ಶತಮಾನದಲ್ಲಿ ಹೊರದೇಶದಿಂದ ಬಂದ ಗಿಡ. ಆ ಪದರ ಅದಕ್ಕಿಂತ ಹಳೆಯದಲ್ಲ. ಒಂದೊಂದು ಗಾಜಿನ ಪಟ್ಟಿಯಲ್ಲೂ ನೂರಾರು ಕಣ ಎಣಿಸಬೇಕು. ಫೆಲೋಶಿಪ್ ಹಣ ತಡವಾದ ತಿಂಗಳಲ್ಲೂ ಎಣಿಕೆ ನಿಲ್ಲುವುದಿಲ್ಲ. ಈ ತಾಳ್ಮೆಯನ್ನು ನಾನು ಮನಸಾರೆ ಗೌರವಿಸುತ್ತೇನೆ.

ಯಾಕಿಷ್ಟು ಶ್ರಮ? 1876–78ರ ಬರ ಬಳ್ಳಾರಿ ಸೀಮೆಯನ್ನು ನುಂಗಿದಾಗ ಲೆಕ್ಕ ಬರೆದಿಡುವ ಅಧಿಕಾರಿಗಳಿದ್ದರು. 1396ರಲ್ಲಿ ಶುರುವಾದ ದುರ್ಗಾದೇವಿ ಎಂಬ ಹೆಸರಿನ ಬರಕ್ಕೆ ಮಳೆಮಾಪಕವೆಲ್ಲಿ? ಛತ್ತೀಸಗಢದ ದಂಡಕ ಗುಹೆಯ ಸುಣ್ಣದ ಕಂಬಗಳಲ್ಲಿ ಮಳೆಯ ಗುರುತಾಗಿ ಉಳಿದ ಆಮ್ಲಜನಕ ಐಸೋಟೋಪುಗಳನ್ನು ಅಳೆದವರು, 14–15ನೇ ಶತಮಾನಗಳಲ್ಲಿ ಮುಂಗಾರು ಪದೇಪದೇ ಸೊರಗಿತ್ತು ಎಂದು 2007ರಲ್ಲಿ ತೋರಿಸಿದರು. ವಿಜಯನಗರ ಕಟ್ಟಿದ್ದು 1336ರಲ್ಲಿ. ಅಂದರೆ ಇಲ್ಲಿನ ಎಷ್ಟೋ ಕಾಲುವೆ, ಕೆರೆಗಳು ಮಳೆ ಕೈಕೊಟ್ಟ ಕಾಲದವಿರಬೇಕು.

ಆದರೆ ಎಚ್ಚರ ಬೇಕು. ಕಮಲಾಪುರಕ್ಕೆ ರಾಯಕಾಲುವೆಯಲ್ಲಿ ಬರುವುದು ತುಂಗಭದ್ರೆ, ಎಂದರೆ ಮಲೆನಾಡಿನ ಮಳೆ. ಸ್ಥಳೀಯ ಮಳೆ ಬೇಕಿದ್ದರೆ ಸಂಡೂರು ಬೆಟ್ಟದ ಕೆಂಪುನೀರನ್ನು ನಾರಿಹಳ್ಳ ತಂದು ಸುರಿಯುವ ದರೋಜಿ ಕೆರೆಗೆ ಹೋಗಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಮಲೆನಾಡಿನಲ್ಲಿ ಮಳೆಯಾಗಿ ಇಲ್ಲಿ ಒಣಗಿದ ಕಾಲಗಳು ಬೇರೆಯಾಗಿ ಕಂಡಾವು. ತುಂಗಭದ್ರಾ ಜಲಾಶಯವನ್ನೇ ನಂಬಿದ ಹೊಸಪೇಟೆಗೆ ಇದಕ್ಕಿಂತ ಮುಖ್ಯವಾದ ಹಳೆಯ ಸುದ್ದಿ ಇನ್ನೊಂದಿಲ್ಲ.

ಅವಳ ಚಿಂತೆ ಬೇರೆ. ಕೆರೆಯ ಹೂಳು ಹೊಲಕ್ಕೆ ಒಳ್ಳೆಯ ಗೊಬ್ಬರ, ಹೂಳೆತ್ತಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೆಸಿಬಿ ಇಳಿದ ಒಂದು ವಾರದಲ್ಲಿ ಮುನ್ನೂರು ವರ್ಷದ ಮಳೆಯ ದಾಖಲೆ ಟ್ರ್ಯಾಕ್ಟರ್ ಏರಿ ಹೋಗಬಹುದು. ಉಳಿದ ಪದರಗಳೂ ಕಲಸಿಹೋಗುತ್ತವೆ. ನಿಮ್ಮೂರ ಕೆರೆಯ ಹೂಳೆತ್ತುವ ದಿನ ಗೊತ್ತಾದ ಕೂಡಲೇ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನದವರಿಗೆ ತಿಳಿಸಿ. ಒಂದು ಕೊಳವೆ ಮಣ್ಣು ತೆಗೆಯಲು ಅವರಿಗೆ ಒಂದು ದಿನ ಸಾಕು.