ವ್ರತ ನನ್ನದು, ಸೌದೆ ಯಾರದು?

ಭೂದಾನದ ವಿನೋಬಾ ಭಾವೆಯವರ ಹೆಸರನ್ನು ಹೊತ್ತ ಶಿವಮೊಗ್ಗದ ವಿನೋಬನಗರದಲ್ಲಿ ನನ್ನ ಮನೆ. ರಾತ್ರಿಭೋಜನ ತ್ಯಾಗವು ಬಾಲ್ಯದಿಂದ ರೂಢಿಯಾದ ನಿಯಮ. ಅದು ಕಷ್ಟವೆಂದು ನನಗೆಂದೂ ಅನ್ನಿಸಿರಲಿಲ್ಲ. ಹೊತ್ತಿಗೆ ಮುಂಚೆ ಅಮ್ಮ ಬಡಿಸುತ್ತಿದ್ದರು.

2015ರ ಏಪ್ರಿಲ್ 25ರ ಭೂಕಂಪವು ನೇಪಾಳದಲ್ಲಿ ಸುಮಾರು ಒಂಬತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಆ ಚಳಿಗಾಲದಲ್ಲಿ ಮಕ್ಕಳಿಗೆ ಪಾಠ ಹೇಳುವ ಸ್ವಯಂಸೇವಕಿಯಾಗಿ ನಾನು ಭಕ್ತಪುರಕ್ಕೆ ಹೋದೆ. ಬಿರುಕು ಬಿಟ್ಟ ಮನೆಯಲ್ಲಿಯೂ ನನಗೊಂದು ಕೋಣೆ ತೆರವು ಮಾಡಿಕೊಟ್ಟ ನೇವಾರ ಕುಟುಂಬದ ಹಿರಿಯಾಕೆಯನ್ನು 'ಆಮಾ' ಎಂದು ಕರೆದೆ.

ನನ್ನ ನಿಯಮ ತಿಳಿದೊಡನೆ ಆಮಾ, ಸಂಜೆ ನಾಲ್ಕೂವರೆಗೇ ನನಗೊಬ್ಬಳಿಗೆ ಅನ್ನ, ಬೇಳೆ ಬೇಯಿಸಿ ಬಡಿಸತೊಡಗಿದರು. ಮನೆಯವರ ಊಟ ರಾತ್ರಿಗೆ. ಪರದೇಶದಲ್ಲಿಯೂ ವ್ರತ ಕೆಡಲಿಲ್ಲವೆಂದು ಒಳಗೊಳಗೇ ಹೆಮ್ಮೆಪಟ್ಟೆ.

ಗಡಿಯಲ್ಲಿ ಸರಕು ಸಾಗಾಟ ನಿಂತು ಅಡುಗೆ ಅನಿಲ ಸಿಗದಿದ್ದ ದಿನಗಳವು. ಒಂದು ಸಂಜೆ ಆಮಾ ಅಂಗಳದಲ್ಲಿ, ಮನೆಯ ಕುಸಿದ ಭಾಗದ ತೊಲೆಯೊಂದನ್ನು ಒಲೆಗೆಂದು ಸೀಳುತ್ತಿದ್ದರು.

"ಎರಡು ಸಲ ಒಲೆ ಹಚ್ಚಬೇಕಲ್ಲ, ಮಗಳೇ" ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ. ನಾನು ತಲೆ ತಗ್ಗಿಸಿದೆ.

ಮರುದಿನದಿಂದ ನನ್ನ ಸಂಜೆಯ ಊಟ ಅವಲಕ್ಕಿ, ಮೊಸರು. ನೇವಾರರಿಗೆ ಅವಲಕ್ಕಿ ನಿತ್ಯದ ಆಹಾರ. ಭಕ್ತಪುರವಾದರೋ ಮೊಸರಿಗೆ ಹೆಸರಾದ ಊರು. ಒಲೆಯ ಹಂಗಿಲ್ಲ. ಅತಿಥಿಗೆ ಬಿಸಿಯೂಟವಿಲ್ಲವೆಂದು ಆಮಾ ಮೊದಲು ನೊಂದುಕೊಂಡರು. ಬಳಿಕ ತಾವೂ ಒಂದು ಹಿಡಿ ಹಾಕಿಕೊಂಡು ನನ್ನ ಪಕ್ಕದಲ್ಲಿ ಕುಳಿತರು. ಆ ಮನೆಗೆ ನಾನು ಸೇರಿದವಳಾದದ್ದು ಅಂದೇ.

ಅಹಿಂಸೆಗಾಗಿ ಕೈಗೊಂಡ ವ್ರತದ ಶ್ರಮವನ್ನು ಮತ್ತೊಬ್ಬರ ಹೆಗಲಿಗೆ ಹೊರಿಸಿದರೆ ಅದು ಎಂತಹ ಅಹಿಂಸೆ? ಊರಿಗೆ ಮರಳಿದ ದಿನವೇ ಅಮ್ಮನ ಕೈಯಿಂದ ಸೌಟನ್ನು ನಾನು ತೆಗೆದುಕೊಂಡೆ.