ಕಾಲುವೆ ಮುಟ್ಟದ ಹಳ್ಳಿ

ಒಂದು ಸಮುದಾಯದ ನಡುವೆ ದೀರ್ಘಕಾಲ ನೆಲೆಸಿ, ಅದರ ಆಡುಮಾತನ್ನು ಕಲಿತು, ಅಲ್ಲಿನ ಬದುಕನ್ನು ಒಳಗಿನಿಂದ ಅರಿಯುವ ವಿಧಾನವನ್ನು ಮಾನವಶಾಸ್ತ್ರದಲ್ಲಿ ಕ್ಷೇತ್ರಕಾರ್ಯ ಎಂದು ಕರೆಯುತ್ತಾರೆ. ಅಭಿವೃದ್ಧಿಯನ್ನು ಅಭ್ಯಾಸ ಮಾಡುವವರು ಕೆಲಕಾಲ ಪರದೇಶದಲ್ಲಿ ಕಳೆಯಬೇಕೆಂಬ ಅಪೇಕ್ಷೆಯ ಹಿಂದೆಯೂ ಇದೇ ನಂಬಿಕೆಯಿದೆ. ಇಂಥ ಕಲಿಕೆಯ ಬೆಲೆಬಾಳುವ ಫಲವೊಂದು ಕನ್ನಡ ನೆಲದಲ್ಲಿಯೇ ದೊರೆತಿದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಬಂದ ಸ್ಕಾರ್ಲೆಟ್ ಎಪ್ಸ್ಟೀನ್ 1950ರ ದಶಕದ ನಡುಭಾಗದಲ್ಲಿ ಮಂಡ್ಯ ಸೀಮೆಯ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿ, 1962ರಲ್ಲಿ ಹೊರಬಂದ ಗ್ರಂಥದಲ್ಲಿ ಅವನ್ನು ವಂಗಲ, ದಲೇನ ಎಂದು ಕರೆದರು. ಕಾಲುವೆ ನೀರು ಪಡೆದ ವಂಗಲದಲ್ಲಿ ಕಬ್ಬು ಬೆಳೆದು ಹಣ ಹರಿದರೂ ಒಕ್ಕಲಿಗ ಯಜಮಾನನಿಗೂ ವಂಶಪಾರಂಪರ್ಯದ ಆಳಿಗೂ ನಡುವಿನ ಹಳೆಯ ಸಂಬಂಧ ಬಹುಮಟ್ಟಿಗೆ ಉಳಿಯಿತು. ನೀರೇರದ ಎತ್ತರದಲ್ಲಿದ್ದ ದಲೇನದವರು ಮಾತ್ರ ಹೊರಗಿನ ಉದ್ಯೋಗ, ವ್ಯಾಪಾರಗಳನ್ನು ಅರಸಿ ಹೊರಟರು; ಅದರಿಂದ ಆ ಊರಿನ ಸಾಮಾಜಿಕ ಕಟ್ಟೇ ಸಡಿಲಗೊಂಡಿತು. ನೀರು ಬಾರದ ಊರೇ ಹೆಚ್ಚು ಬದಲಾಯಿತೆಂಬ ಈ ಕಾಣ್ಕೆ ಅಂಕಿಅಂಶಗಳಷ್ಟರಿಂದಲೇ ದೊರೆಯುವಂಥದಲ್ಲ.

ನೀರು ಊರಿನ ಸಂಬಂಧಗಳನ್ನು ಹೇಗೆ ಬದಲಿಸುತ್ತದೆಂದು ಅರಿಯಲು ಕಾಗವಾಡ ತಾಲ್ಲೂಕಿನ ಜುಗೂಳ ಎಂಬ ಹಳ್ಳಿಗೂ ಈ ವಿಧಾನವನ್ನು ಅನ್ವಯಿಸಬಹುದು, ಏಕೆಂದರೆ ಅಲ್ಲಿ ಕಬ್ಬನ್ನು ಬೆಳೆಸುವ ಕೃಷ್ಣೆಯೇ 2019ರ ಆಗಸ್ಟಿನಲ್ಲಾದಂತೆ ಪ್ರವಾಹವಾಗಿಯೂ ಬರುತ್ತಾಳೆ. ಆ ಊರಿನ ವಿದ್ಯಾರ್ಥಿಯೊಬ್ಬರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದಿ, ಮುಂದೆ ಪರದೇಶದ ನದೀತೀರವೊಂದರಲ್ಲಿ ಕೆಲಕಾಲ ನೆಲೆಸಿ ಮರಳಿದರೆ, ನೆರೆ ಇಳಿದ ಮೇಲೆ ಯಾರ ಹೊಲ ಮೊದಲು ಹಸನಾಗುತ್ತದೆ, ಕೂಲಿಯವರು ಯಾರ ಬಳಿ ಸಾಲಕ್ಕೆ ನಿಲ್ಲುತ್ತಾರೆ ಎಂಬ ಪ್ರಶ್ನೆಗಳನ್ನು ಅವರು ತಮ್ಮೂರಿನಲ್ಲಿಯೇ ಹೊಸದಾಗಿ ಕೇಳಬಲ್ಲರು.